ಕೂಡಿಡುವುದು, ಕೂಡಿಹಾಕುವುದು

ಹಣ ಉಳಿಸುವ ಮಾತು ಬಂದಾಗ ಧಾರ್ಮಿಕ ಮನಸ್ಸಿನವರಲ್ಲಿ ಒಂದು ಸಂಕೋಚ ಕಾಣುತ್ತದೆ. ನಾಳಿನ ಅನ್ನ ಕೊಡುವವನು ದೇವನೇ ಆಗಿರುವಾಗ ಅದಕ್ಕಾಗಿ ಇಂದೇ ತೆಗೆದಿಡುವುದು ನಂಬಿಕೆಯ ಕೊರತೆಯಲ್ಲವೇ ಎಂಬ ಪ್ರಶ್ನೆ ಹಳೆಯದು. ನಮ್ಮ ನಾಡಿನಲ್ಲೂ ಅದಕ್ಕೆ ಬೇರುಗಳಿವೆ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮಿಕ್ಕದ್ದನ್ನು ಅಲ್ಲೇ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನನ್ನು ಕನ್ನಡಿಗರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಇನ್ನೊಂದೆಡೆ, ಕುರ್‌ಆನ್ ಹೇಳುವ ಪ್ರವಾದಿ ಯೂಸುಫರ ಕಥೆಯಿದೆ. ಸಮೃದ್ಧಿಯ ಏಳು ವರ್ಷಗಳಲ್ಲಿ ಉಣ್ಣಲು ಬೇಕಾದಷ್ಟನ್ನು ಬಿಟ್ಟು ಉಳಿದ ಧಾನ್ಯವನ್ನು ತೆನೆಯಲ್ಲೇ ಕಾಪಿಡಿ, ಮುಂದೆ ಬರಗಾಲದ ಏಳು ವರ್ಷಗಳಿವೆ ಎಂದು ಅವರು ಸಲಹೆ ನೀಡಿದರು.

ಇವೆರಡೂ ಮೇಲ್ನೋಟಕ್ಕೆ ವಿರುದ್ಧ ದಿಕ್ಕಿನವು. ಆದರೆ ಲಕ್ಕಮ್ಮ ಪ್ರಶ್ನಿಸಿದ್ದು ಆಸೆಯನ್ನು, ಮುಂದಾಲೋಚನೆಯನ್ನಲ್ಲ. ಯೂಸುಫರ ಕಣಜ ತುಂಬಿದ್ದು ಹಸಿದವರಿಗಾಗಿ ತೆರೆಯಲು. ಅದೇ ಕುರ್‌ಆನ್, ಚಿನ್ನ ಬೆಳ್ಳಿಗಳನ್ನು ಸಂಗ್ರಹಿಸಿಟ್ಟು ದೇವಮಾರ್ಗದಲ್ಲಿ ಖರ್ಚು ಮಾಡದವರನ್ನು ಕಟುವಾಗಿ ಎಚ್ಚರಿಸುತ್ತದೆ. ಹಾಗಾದರೆ ಕೂಡಿಡುವುದಕ್ಕೂ ಕೂಡಿಹಾಕುವುದಕ್ಕೂ ಇರುವ ವ್ಯತ್ಯಾಸ ಮೊತ್ತದ್ದಲ್ಲ. ಒಂದಕ್ಕೆ ಹೊರಹೋಗುವ ಬಾಗಿಲಿದೆ, ಇನ್ನೊಂದಕ್ಕೆ ಇಲ್ಲ.

ಇದಕ್ಕೆ ಮಲೇಷ್ಯಾದ ಒಂದು ಉದಾಹರಣೆ ನೋಡೋಣ. ಅಲ್ಲಿನ ಹಳ್ಳಿಗರು ಹಜ್ ಯಾತ್ರೆಗಾಗಿ ದಿಂಬು ಹಾಸಿಗೆಗಳ ಕೆಳಗೆ ವರ್ಷಗಟ್ಟಲೆ ಹಣ ಬಚ್ಚಿಡುತ್ತಿದ್ದರು. ಅದೂ ಸಾಲದಾದಾಗ ಹೊಲವನ್ನೋ ದನಕರುಗಳನ್ನೋ ಮಾರುತ್ತಿದ್ದರು. ಹಾಜಿಯಾಗಿ ಮರಳಿದವನು ಬಡವನಾಗಿ ಉಳಿಯುತ್ತಿದ್ದ. ಅರ್ಥಶಾಸ್ತ್ರಜ್ಞ ಉಂಗು ಅಝೀಝ್ 1959ರಲ್ಲಿ ಈ ಬಗ್ಗೆ ಒಂದು ಯೋಜನೆ ಮುಂದಿಟ್ಟರು. ಜನರು ಸಣ್ಣ ಸಣ್ಣ ಮೊತ್ತವನ್ನು ಒಂದೆಡೆ ಸೇರಿಸಲಿ, ಅದನ್ನು ಬಡ್ಡಿಗೆ ಕೊಡದೆ ಉತ್ಪಾದಕ ಉದ್ಯಮಗಳಲ್ಲಿ ತೊಡಗಿಸೋಣ, ಲಾಭ ಅವರಿಗೇ ಸಿಗಲಿ ಎಂಬುದು ಅದರ ಸಾರ. 1963ರಲ್ಲಿ ಸಾವಿರ ಚಿಲ್ಲರೆ ಮಂದಿಯಿಂದ ಆರಂಭವಾದ ಆ ಸಂಸ್ಥೆಯೇ ಇಂದಿನ 'ತಾಬುಂಗ್ ಹಾಜಿ'. ಇಂದು ಅದರಲ್ಲಿ ಲಕ್ಷಾಂತರ ಮಂದಿಯ ಉಳಿತಾಯವಿದೆ.

ಆ ಹಳ್ಳಿಗನ ಭಕ್ತಿಯಲ್ಲಿ ಕೊರತೆಯಿರಲಿಲ್ಲ, ಉಳಿಸುವ ಛಲದಲ್ಲೂ ಇರಲಿಲ್ಲ. ಕೊರತೆ ಇದ್ದದ್ದು ಹಣ ಮಲಗಿದ್ದುದರಲ್ಲಿ. ಝಕಾತ್‌ನ ಲೆಕ್ಕವೂ ಇದನ್ನೇ ಕಲಿಸುತ್ತದೆ. ಝಕಾತ್ ಕಡ್ಡಾಯವಾಗುವಷ್ಟು ಹಣವನ್ನು ಪೆಟ್ಟಿಗೆಯಲ್ಲಿಟ್ಟು ಪ್ರತಿ ವರ್ಷ ಶೇಕಡಾ 2.5ರಂತೆ ಕೊಡುತ್ತಾ ಹೋದರೆ ಸುಮಾರು 28 ವರ್ಷಗಳಲ್ಲಿ ಅದು ಅರ್ಧವಾಗುತ್ತದೆ. ಬೆಲೆಯೇರಿಕೆ ತಿನ್ನುವುದು ಬೇರೆ. ಅನಾಥರ ಸೊತ್ತನ್ನು ವ್ಯಾಪಾರದಲ್ಲಿ ತೊಡಗಿಸಿ, ಇಲ್ಲವಾದರೆ ಝಕಾತ್ ಅದನ್ನು ಮುಗಿಸಿಬಿಟ್ಟೀತು ಎಂಬರ್ಥದ ಖಲೀಫಾ ಉಮರ್‌ರ ಮಾತು ಪ್ರಸಿದ್ಧವಾಗಿದೆ. ಅಂದರೆ ಹಣ ದುಡಿಯಬೇಕು, ನಾಲ್ಕು ಮಂದಿಯ ಕೈಗೆ ಕೆಲಸವಾಗಬೇಕು.

ಆದರೆ ತೊಡಗಿಸಲು ಮೊದಲು ಉಳಿಯಬೇಕಲ್ಲ? ಖರ್ಚೆಲ್ಲ ಮುಗಿದ ಮೇಲೆ ಉಳಿದದ್ದನ್ನು ತೆಗೆದಿಡುತ್ತೇವೆ ಎಂಬುದು ನಮ್ಮ ರೂಢಿ. ಹಾಗೆ ಮಾಡಿದರೆ ಏನೂ ಉಳಿಯುವುದಿಲ್ಲ. ಸಂಬಳ ಬಂದ ದಿನವೇ ಒಂದು ಪಾಲನ್ನು ಬದಿಗಿಟ್ಟು ಉಳಿದುದರಲ್ಲಿ ಸಂಸಾರ ತೂಗಿಸುವುದು ಸರಿಯಾದ ಕ್ರಮ. ತಿಂಗಳ ಖರ್ಚನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಜಿಪುಣತನವಲ್ಲ, ಅದು ಆತ್ಮವಿಮರ್ಶೆ. ದಾನಕ್ಕೆಷ್ಟು, ತೋರಿಕೆಗೆಷ್ಟು ಎಂಬ ಸತ್ಯವನ್ನು ಆ ಪುಸ್ತಕ ನಿಷ್ಠುರವಾಗಿ ಹೇಳುತ್ತದೆ. ಗಲ್ಫ್‌ನಲ್ಲಿ ಇಪ್ಪತ್ತು ವರ್ಷ ಬೆವರು ಸುರಿಸಿ, ದುಡಿದದ್ದನ್ನೆಲ್ಲ ದೊಡ್ಡ ಮನೆಗೂ ಮದುವೆಯ ಚಿನ್ನಕ್ಕೂ ಸುರಿದು, ಊರಿಗೆ ಮರಳಿದಾಗ ಮಗನ ಕಾಲೇಜು ಶುಲ್ಕಕ್ಕೆ ಸಾಲ ಕೇಳುವ ತಂದೆಯರು ನಮ್ಮ ಕರಾವಳಿಗೆ ಅಪರಿಚಿತರಲ್ಲ.

ಎರಡನೆಯದು ತಾಳ್ಮೆ. ಅಮೆರಿಕಾದ ಜಾನ್ ಬೋಗಲ್ 1976ರಲ್ಲಿ ಸಾಮಾನ್ಯರಿಗಾಗಿ ಮೊದಲ ಸೂಚ್ಯಂಕ ನಿಧಿ ಆರಂಭಿಸಿದಾಗ 15 ಕೋಟಿ ಡಾಲರ್ ನಿರೀಕ್ಷಿಸಿದ್ದರು. ಬಂದದ್ದು 1.13 ಕೋಟಿ ಮಾತ್ರ. ಜಾಣತನದಿಂದ ಷೇರು ಆರಿಸುವ ಬದಲು ಇಡೀ ಮಾರುಕಟ್ಟೆಯ ಸಣ್ಣ ಪಾಲನ್ನು ಕೊಂಡು, ವೆಚ್ಚ ತಗ್ಗಿಸಿ, ಸುಮ್ಮನೆ ಕಾಯಿರಿ ಎಂಬ ಅವರ ಮಾತನ್ನು ಆಗ ಹಲವರು ಗೇಲಿ ಮಾಡಿದ್ದರು. ತಿಂಗಳಿಗೆ ಸಾವಿರ ರೂಪಾಯಿಯಂತೆ 30 ವರ್ಷ ಹಾಕಿದರೆ ಕೈಯಿಂದ ಹೋಗುವುದು 3.6 ಲಕ್ಷ. ವರ್ಷಕ್ಕೆ ಶೇಕಡಾ 10ರಂತೆ ಬೆಳೆದರೆ ಅದು ಸುಮಾರು 22.6 ಲಕ್ಷವಾಗುತ್ತದೆ, ಶೇಕಡಾ 9 ಆದರೆ 18.3 ಲಕ್ಷ. ಒಂದು ಶೇಕಡಾ ನಿರ್ವಹಣಾ ವೆಚ್ಚ ಎಂದರೆ ಅಷ್ಟು ದೊಡ್ಡ ಅಂತರ. ಆ 10 ಶೇಕಡಾ ಖಾತರಿಯೇನಲ್ಲ, ಮಾರುಕಟ್ಟೆ ಬಿದ್ದು ವರ್ಷಗಟ್ಟಲೆ ಏಳದಿರಬಹುದು. ಲಾಭದಲ್ಲಿ ಪಾಲು ಬೇಕೆನ್ನುವವನು ನಷ್ಟಕ್ಕೂ ಭುಜ ಕೊಡಬೇಕು. ಬಡ್ಡಿಗೂ ವ್ಯಾಪಾರಕ್ಕೂ ಇರುವ ನೈತಿಕ ಅಂತರವೂ ಇದೇ ಅಲ್ಲವೇ?

ಭಾರತದಲ್ಲಿ ಬಡ್ಡಿರಹಿತ ಬ್ಯಾಂಕಿಂಗ್ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಹೇಳಿತು. ಆದರೂ ಬ್ಯಾಂಕು, ಮದ್ಯ, ಅತಿಸಾಲದ ಕಂಪೆನಿಗಳನ್ನು ಬಿಟ್ಟು ರೂಪಿಸಿದ 'ನಿಫ್ಟಿ 50 ಶರಿಅ'ದಂಥ ಸೂಚ್ಯಂಕಗಳು ನಮ್ಮಲ್ಲಿವೆ. ದಾರಿ ಇಲ್ಲವೆಂದಲ್ಲ, ಅದು ನಿಧಾನವಾದ ದಾರಿ. ನಿಧಾನ ಬೇಡವೆನಿಸಿದಾಗ ಏನಾಗುತ್ತದೆ ಎಂಬುದನ್ನು 2019ರ ಜೂನ್‌ನಲ್ಲಿ ಬೆಂಗಳೂರು ಕಂಡಿತು. 'ಹಲಾಲ್ ಲಾಭ'ದ ಹೆಸರಿನಲ್ಲಿ ಹಣ ಸಂಗ್ರಹಿಸಿದ್ದ ಐಎಂಎ ಕುಸಿದಾಗ ದೂರು ಹಿಡಿದು ಸಾಲುಗಟ್ಟಿದವರು ಸಾವಿರಾರು. ಮಗಳ ಮದುವೆಗೆ ಇಟ್ಟ ಹಣ, ನಿವೃತ್ತಿಯ ಗಂಟು, ಅಡವಿಟ್ಟ ಒಡವೆ ಎಲ್ಲವೂ ಅದರಲ್ಲಿ ಹೋಯಿತು. ವ್ಯಾಪಾರ ಏನು, ಲಾಭ ಎಲ್ಲಿಂದ, ಲೆಕ್ಕ ಪರಿಶೋಧಿಸಿದವರು ಯಾರು ಎಂದು ಕೇಳಬೇಕಾದ ಕಡೆ ಧಾರ್ಮಿಕ ಚಹರೆಯೇ ಉತ್ತರವಾಗಿಬಿಟ್ಟಿತ್ತು. ಒಳ್ಳೆಯ ಉದ್ದೇಶವೂ ಲೆಕ್ಕಕ್ಕೆ ಬದಲಿಯಲ್ಲ. ತಾಬುಂಗ್ ಹಾಜಿಯಲ್ಲೇ ಆಸ್ತಿಗಿಂತ ಹೊಣೆಗಾರಿಕೆ ಹೆಚ್ಚಾಗಿರುವುದು 2018ರಲ್ಲಿ ಬಯಲಾಗಿ ಸರಕಾರ ಮಧ್ಯಪ್ರವೇಶಿಸಬೇಕಾಯಿತು. ಒಂಟೆಯನ್ನು ಕಟ್ಟಿ ಆಮೇಲೆ ದೇವನ ಮೇಲೆ ಭರವಸೆಯಿಡು ಎಂಬ ಪ್ರವಾದಿ ಬೋಧನೆಯಲ್ಲಿ ಕಟ್ಟುವ ಕೆಲಸ ನಮ್ಮದೇ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ದಿನವಿಡೀ ಬೀಡಿ ಸುತ್ತಿ ಅಂದಿನ ಅಕ್ಕಿ ತರುವ ಹೆಂಗಸಿಗೆ ಉಳಿತಾಯದ ಉಪದೇಶ ಮಾಡುವುದು ಕ್ರೌರ್ಯ. ಆಕೆಯ ಬಡತನ ಶಿಸ್ತಿನ ಕೊರತೆಯಿಂದ ಬಂದದ್ದಲ್ಲ. ಆಕೆಗೆ ಬೇಕಾದದ್ದು ನ್ಯಾಯವಾದ ಕೂಲಿ, ಕಾಯಿಲೆ ಬಿದ್ದಾಗ ಬಡ್ಡಿಯಿಲ್ಲದ ಸಾಲ. ಉಳಿಸಬಲ್ಲವರು ಉಳಿಸಬೇಕಾದದ್ದು ಇದಕ್ಕಾಗಿಯೂ ಹೌದು. ವಾರಸುದಾರರು ಪರರ ಮುಂದೆ ಕೈಚಾಚುವಂತೆ ಬಿಟ್ಟುಹೋಗುವುದಕ್ಕಿಂತ ಅವರನ್ನು ಸ್ವಾವಲಂಬಿಗಳಾಗಿ ಬಿಟ್ಟುಹೋಗುವುದು ಲೇಸು ಎಂದು ಪ್ರವಾದಿಯವರು ಸಅದ್‌ರಿಗೆ ಹೇಳಿದ್ದರು. ಆ ಸಂದರ್ಭದಲ್ಲೇ ಮೂರನೇ ಒಂದು ಭಾಗದವರೆಗೆ ದಾನಕ್ಕೆ ಅನುಮತಿಯನ್ನೂ ನೀಡಿದ್ದರು. ಮನೆಯವರ ಭದ್ರತೆ ಮತ್ತು ಅನ್ಯರ ಹಕ್ಕು, ಎರಡಕ್ಕೂ ಒಂದೇ ಗಂಟಿನಲ್ಲಿ ಜಾಗವಿದೆ. ನಮ್ಮ ಖರ್ಚಿನ ಪುಸ್ತಕದಲ್ಲಿ ಆ ಎರಡನೆಯ ಕಾಲಂ ಖಾಲಿಯಿದ್ದರೆ, ನಾವು ಮಾಡುತ್ತಿರುವುದು ಕೂಡಿಡುವುದಲ್ಲ, ಕೂಡಿಹಾಕುವುದು.