ಪರಲೋಕವೋ ಸ್ವರ್ಗವೋ

ಮೈಸೂರಿನಲ್ಲಿ ಬೆಳೆದ ನಾನು ಸೇಂಟ್ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳನ್ನು ದಿನಾ ನೋಡುತ್ತಿದ್ದೆ. ಪೂಜೆಗೆಂದು ಒಳಗೆ ಒಂದು ದಿನವೂ ಹೋದವನಲ್ಲ. ನಮ್ಮದು ವೆಸ್ಲಿಯನ್ ಮಿಷನ್ನಿನ ಬೇರಿನ ಸಿ.ಎಸ್.ಐ. ಮನೆತನ. 'ಅವರು ಕೆಥೋಲಿಕರು' ಅಂದರೆ ಮನೆಯಲ್ಲಿ ಮಾತು ಮುಗಿಯಿತು. ಪೆಂತೆಕೋಸ್ತಿನವರ ವಿಷಯ ಬಂದರಂತೂ ಒಂದು ಸಣ್ಣ ನಗು.

ಕೆಲಸಕ್ಕೆಂದು ಚೆನ್ನೈಗೆ ಬಂದ ಮೇಲೆ ಇದೆಲ್ಲ ತಲೆಕೆಳಗಾಯಿತು. ಕನ್ನಡದಲ್ಲಿ ಪ್ರಾರ್ಥಿಸುವ ಆಸೆಗೆ ಏಳೆಂಟು ಮನೆಯವರು ತಿಂಗಳಿಗೊಮ್ಮೆ ಸೇರತೊಡಗಿದೆವು. ಶಿವಮೊಗ್ಗದ ಕೆಥೋಲಿಕ್ ದಂಪತಿ, ಸಿ.ಎಸ್.ಐ.ಗೆ ಸೇರದ ಕೋಲಾರದ ಮೆಥೋಡಿಸ್ಟರು, ಹುಬ್ಬಳ್ಳಿ ಕಡೆಯ ಬಾಸೆಲ್ ಮಿಷನ್ ಮನೆಯವರು, ಒಬ್ಬ ಪೆಂತೆಕೋಸ್ತ್ ತರುಣ. ಕರ್ತನ ಪ್ರಾರ್ಥನೆ ಹೇಳುವಾಗ ನಾವು ಪರಲೋಕ ಅಂದರೆ ಶಿವಮೊಗ್ಗದವರು ಸ್ವರ್ಗ ಅನ್ನೋರು. ನಮ್ಮ ಯೋಹಾನ ಅವರಿಗೆ ಯೊವಾನ್ನ. ಎಲ್ಲರೂ ನಕ್ಕು, ಆಮೇಲೆ ಬಿಸಿಬೇಳೆಭಾತ್ ತಿಂದು ಏಳುತ್ತಿದ್ದೆವು.

ಆದರೆ ನಮ್ಮನ್ನು ಸೇರಿಸಿದ್ದು ಯಾರು, ಕ್ರಿಸ್ತನೋ ಕನ್ನಡವೋ? ಮೈಸೂರಿನಲ್ಲೇ ಇದ್ದಿದ್ದರೆ ನಾವು ಒಬ್ಬರ ಮನೆಗೊಬ್ಬರು ಹೋಗುತ್ತಿದ್ದೆವೇ? ಊರಿನ ನೆನಪಿನಿಂದ ಹುಟ್ಟಿದ ಒಗ್ಗಟ್ಟನ್ನು ವಿಶ್ವಾಸಿಗಳ ಐಕ್ಯ ಅಂತ ಕರೆಯುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮನೆ ಮೆಟ್ಟಿಲ ಮೇಲೆ, ಅದೂ ನನ್ನ ತಪ್ಪಿನಿಂದಲೇ.

ಆ ತರುಣ ಪ್ರಾರ್ಥನೆಗೆ ಕೂತರೆ ಕೈಯೆತ್ತಿ, ಕಣ್ಣೀರಿಟ್ಟು, ಅನ್ಯಭಾಷೆಯಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದ. ನನಗೆ ಮೈಯೆಲ್ಲ ಮುಜುಗರ. ಒಂದು ದಿನ ಅವನನ್ನು ಮೆಟ್ಟಿಲವರೆಗೆ ಕಳಿಸಲು ಹೋಗಿ, 'ಪಕ್ಕದ ಮನೆಯವರಿಗೆ ತೊಂದರೆ ಆಗುತ್ತೆ ಕಣಪ್ಪಾ, ಸ್ವಲ್ಪ ಮೆತ್ತಗೆ' ಅಂದೆ. ಪಕ್ಕದವರು ನನ್ನ ಹತ್ತಿರ ಏನೂ ಹೇಳಿರಲಿಲ್ಲ. ಮುಂದಿನ ತಿಂಗಳು ಬಂದು ಬಾಯಿ ಮುಚ್ಚಿ ಕೂತ. ಅದರ ಮುಂದಿನ ತಿಂಗಳು ಬರಲಿಲ್ಲ. ಯಾರೂ ಕೇಳಲೂ ಇಲ್ಲ, ನಾನೂ ಸೇರಿ.

ನಾನು ಭಾನುವಾರ ಹೋಗುವುದು ಸೇಂಟ್ ಜಾರ್ಜ್ ಕೆಥೆಡ್ರಲ್ಲಿಗೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದ್ದು ಅಲ್ಲೇ. ಆಂಗ್ಲಿಕನ್ನರು, ಮೆಥೋಡಿಸ್ಟರು, ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಅಂದು ಕೂಡಿದರು. ಮಾತುಕತೆ ಶುರುವಾದದ್ದು 1919ರಲ್ಲಿ, ತರಂಗಂಬಾಡಿಯಲ್ಲಿ. ಅದರ ಮುಂದಾಳು ಬಿಷಪ್ ಅಜರಯ್ಯ ಆ ದಿನವನ್ನು ಕಾಣದೆ 1945ರಲ್ಲಿ ತೀರಿಕೊಂಡರು. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದ ಪಾದ್ರಿಗಳನ್ನು ಒಪ್ಪುವುದು ಹೇಗೆ ಎಂಬ ಗಂಟು ವರ್ಷಗಟ್ಟಲೆ ಬಿಚ್ಚಲಿಲ್ಲ. ಕೊನೆಗೆ ಮರುದೀಕ್ಷೆಯಿಲ್ಲದೆ ಎಲ್ಲರನ್ನೂ ಒಪ್ಪಿ, ಮುಂದಿನ ದೀಕ್ಷೆ ಬಿಷಪ್ಪರಿಂದ ಅಂತ ಮಾಡಿದರು. ಜೊತೆಗೆ ಒಂದು ಮಾತು ಕೊಟ್ಟುಕೊಂಡರು: ಯಾವ ಸಭೆಯ ಮೇಲೂ ಅದಕ್ಕೆ ರೂಢಿಯಿಲ್ಲದ ಆರಾಧನಾ ಕ್ರಮವನ್ನಾಗಲಿ, ಮನಸ್ಸಾಕ್ಷಿ ಒಪ್ಪದ ಪಾದ್ರಿಯನ್ನಾಗಲಿ ಹೇರಬಾರದು. ಆದರೂ ನಂದ್ಯಾಲದ ಎಷ್ಟೋ ಆಂಗ್ಲಿಕನ್ ಸಭೆಗಳು ಆಗ ಹೊರಗೇ ಉಳಿದವು. ಇಪ್ಪತ್ತೆಂಟು ವರ್ಷ ಕೂತು ಮಾತಾಡಿದವರ ಸಭೆಯವನು ನಾನು; ಒಂದೇ ನಿಮಿಷದಲ್ಲಿ ಒಬ್ಬನನ್ನು ಮೆಟ್ಟಿಲಿಳಿಸಿದ್ದೆ.

ಶಿವಮೊಗ್ಗದ ಆ ತಾಯಿ ಒಂದು ಕ್ರಿಸ್ಮಸ್ಸಿಗೆ ನಮ್ಮ ಜೊತೆ ಆರಾಧನೆಗೆ ಬಂದಿದ್ದರು. ಪ್ರಭು ಭೋಜನದ ಹೊತ್ತಿಗೆ ಎಲ್ಲರೂ ಎದ್ದರೂ ಅವರು ಬೆಂಚಿನಲ್ಲೇ ಉಳಿದರು. ಹೊರಗೆ ಬಂದ ಮೇಲೆ, 'ಒಂದು ದಿನಕ್ಕೆ ಏನಾಗ್ತಿತ್ತು?' ಅಂದೆ. 'ನಿಮಗೆ ಸಂತೋಷ ಆಗ್ತಿತ್ತು, ನನಗೆ ಸುಳ್ಳು ಹೇಳಿದ ಹಾಗಾಗ್ತಿತ್ತು. ಕೂತಲ್ಲೇ ನಿಮಗೋಸ್ಕರ ಪ್ರಾರ್ಥನೆ ಮಾಡಿದೆ' ಅಂದರು. ನನಗೆ ಬೇಕಾಗಿದ್ದದ್ದು ಅವರು ನನ್ನ ಹಾಗಾಗುವುದು. ಆ ಹುಡುಗನಿಂದ ಬಯಸಿದ್ದೂ ಅದನ್ನೇ. ಕನ್ನಡ ನಮ್ಮನ್ನು ಒಂದು ಕೋಣೆಗೆ ತಂದಿತ್ತು, ಸರಿ. ಆದರೆ ಒಪ್ಪದ ದನಿಯ ಪಕ್ಕದಲ್ಲಿ ಕೂರುವುದಕ್ಕೆ ಕನ್ನಡವೊಂದೇ ಸಾಲುವುದಿಲ್ಲ.

ಹೋದ ವಾರ ಅವನ ನಂಬರ್ ಹುಡುಕಿ ಫೋನ್ ಮಾಡಿದೆ. ಆವಡಿ ಕಡೆ ಮನೆ ಮಾಡಿದ್ದಾನಂತೆ. ಕ್ಷಮೆ ಕೇಳುವುದಕ್ಕೆ ತಡವರಿಸುತ್ತಿದ್ದಾಗ ಅವನೇ, 'ಪಕ್ಕದ ಮನೆಯವರು ಈಗ ಹೇಗಿದ್ದಾರೆ ಅಣ್ಣಾ?' ಅಂದ. ಅವರು ಯಾವತ್ತೂ ಏನೂ ಅಂದಿರಲಿಲ್ಲ ಅಂತ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಗೊತ್ತಿತ್ತು ಬಿಡಿ' ಅಂದ.

ಈ ತಿಂಗಳ ಕೂಟ ನಮ್ಮ ಮನೆಯಲ್ಲೇ. ಬರ್ತೀನಿ ಅಂತ ಖಚಿತವಾಗಿ ಹೇಳಿಲ್ಲ. ಪಕ್ಕದ ಮನೆಯವರಿಗೆ ಮಾತ್ರ, ಭಾನುವಾರ ಸ್ವಲ್ಪ ಗಲಾಟೆ ಆಗಬಹುದು ಅಂತ ಹೇಳಿಟ್ಟಿದ್ದೇನೆ.