ಯಾವೂರು, ಮಗು?

ನಮ್ಮಲ್ಲಿ ಹೊಸಬರನ್ನು ಕಂಡೊಡನೆ ಕೇಳುವ ಪ್ರಶ್ನೆ ‘ಯಾವೂರಾಯಿತು?’ ಎಂಬುದು. ಹೆಸರಿನ ವಿಚಾರ ಆಮೇಲಿನದು. ಕಳೆದ ಬೇಸಗೆಯಲ್ಲಿ ಈ ಪ್ರಶ್ನೆಯನ್ನು ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ಕೇಳಿ ನಾನು ಪೇಚಿಗೆ ಸಿಕ್ಕಿಕೊಂಡೆ. ಅವಳ ತಾಯಿ ನನ್ನ ಹಳೆಯ ವಿದ್ಯಾರ್ಥಿನಿ. ಗಂಡಹೆಂಡಿರಿಬ್ಬರೂ ಕಂಪ್ಯೂಟರಿನ ಕೆಲಸದವರು. ಕಚೇರಿಯೆಂಬುದು ಅವರ ಪಾಲಿಗೆ ತೊಡೆಯ ಮೇಲಿಟ್ಟುಕೊಳ್ಳುವ ಲ್ಯಾಪ್‌ಟಾಪು. ಮೂರು ವರ್ಷಗಳ ಹಿಂದೆ ಬೆಂಗಳೂರಿನ ಮನೆ ಖಾಲಿ ಮಾಡಿ ಹೊರಟವರು ಎಸ್ಟೋನಿಯ, ಪೋರ್ಚುಗಲ್, ಬಾಲಿ ಎಂದು ನಾಲ್ಕಾರು ತಿಂಗಳಿಗೊಂದು ಕಡೆ ಬಿಡಾರ ಹೂಡುತ್ತಿದ್ದಾರೆ. ‘ಯಾವೂರು ಮಗು ನಿಂದು?’ ಎಂದದ್ದಕ್ಕೆ ಹುಡುಗಿ ತಾಯಿಯ ಮುಖ ನೋಡಿ, ‘ಈಗಲಾ?’ ಎಂದಳು. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ.

ಇಂಥ ಸಂಸಾರಗಳು ಈಗ ಅಪರೂಪವೇನಲ್ಲ. 2020ರಲ್ಲಿ ಕೊರೋನಾ ಕಚೇರಿಗಳ ಬಾಗಿಲು ಮುಚ್ಚಿಸಿತು. ಎಲ್ಲಿ ಕುಳಿತರೂ ಕೆಲಸ ನಡೆಯುತ್ತದೆಂಬುದು ಆಗ ಧಣಿಗಳಿಗೂ ಮನವರಿಕೆಯಾಯಿತು. ಪ್ರವಾಸಿಗರಿಲ್ಲದೆ ಬಣಗುಡುತ್ತಿದ್ದ ಬಾರ್ಬಡೋಸ್ ಆ ವರ್ಷವೇ ಇಂಥವರನ್ನು ಕೈಬೀಸಿ ಕರೆಯಿತು: ಹನ್ನೆರಡು ತಿಂಗಳ ವಾಸಕ್ಕೆ ಒಬ್ಬರಿಗೆ 2000 ಡಾಲರು, ಇಡೀ ಸಂಸಾರಕ್ಕಾದರೆ 3000. ಎಸ್ಟೋನಿಯವೂ ಅದೇ ವರ್ಷ ಇವರಿಗೆಂದು ಬೇರೆ ವೀಸಾ ತೆರೆಯಿತು, ಪೋರ್ಚುಗಲ್ 2022ರಲ್ಲಿ. ಕೊಟ್ಟ ಅವಧಿ ಮುಗಿದರೆ ಗಂಟುಮೂಟೆ ಕಟ್ಟಬೇಕು, ಅಷ್ಟೆ.

ದೇಶ ಸುತ್ತು, ಕೋಶ ಓದು ಎಂದವರು ನಮ್ಮ ಹಿರಿಯರೇ. ಆ ಹುಡುಗಿಗೆ ಕಡಲಿನ ಉಬ್ಬರವಿಳಿತದ ಹೊತ್ತು ಗೊತ್ತು. ಮೂರು ಭಾಷೆಗಳಲ್ಲಿ ನೂರರ ತನಕ ಎಣಿಸುತ್ತಾಳೆ. ತಟ್ಟೆಗೆ ಏನು ಬಡಿಸಿದರೂ ಮೂಗು ಮುರಿಯುವುದಿಲ್ಲ. ದಿನವೂ ಮಧ್ಯಾಹ್ನ ತಂದೆಯ ಜೊತೆ ಕುಳಿತು ಉಣ್ಣುತ್ತಾಳೆ. ನಮ್ಮ ಬೀದಿಯ ಮಕ್ಕಳಲ್ಲಿ ಎಷ್ಟು ಜನಕ್ಕೆ ಈ ಭಾಗ್ಯ? ತಂದೆ ಬಸ್ಸಿಳಿದು ಮನೆ ಸೇರುವ ಹೊತ್ತಿಗೆ ಅವು ಮಲಗಿರುತ್ತವೆ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಮಾತಾಡುವುದು ಅನ್ಯಾಯ.

ನನ್ನನ್ನು ಕಲಕಿದ್ದು ತಾಯಿ ಹೆಮ್ಮೆಯಿಂದಲೇ ಆಡಿದ ಒಂದು ಮಾತು. ‘ಮೊದಮೊದಲು ಊರು ಬಿಡುವಾಗ ತುಂಬಾ ಅಳುತ್ತಿದ್ದಳು ಸಾರ್. ಈಗ ಅಳುವುದೇ ಇಲ್ಲ, ಅಭ್ಯಾಸವಾಗಿದೆ.’ ಆಮೇಲೆ ಹುಡುಗಿ ನಮ್ಮ ಜಗಲಿಯಲ್ಲಿ ಒಬ್ಬಳೇ ಕುಳಿತಿದ್ದಾಗ ಆ ಅಭ್ಯಾಸದ ಗುಟ್ಟೇನೆಂದು ವಿಚಾರಿಸಿದೆ. ‘ಕೊನೇ ತಿಂಗಳು ನಾನು ಯಾರ ಜೊತೆಗೂ ಹೊಸದಾಗಿ ಸ್ನೇಹ ಮಾಡಲ್ಲ’ ಎಂದಳು. ಮನೆಖರ್ಚಿನ ಲೆಕ್ಕ ಒಪ್ಪಿಸುವ ಗೃಹಿಣಿಯ ದನಿ ಅದು.

ನಾನೂ ಊರೂರು ಅಲೆದ ಹುಡುಗನೇ. ನಮ್ಮ ತಂದೆ ಕಂದಾಯ ಇಲಾಖೆಯಲ್ಲಿದ್ದರು. ಎಸ್‌ಎಸ್‌ಎಲ್‌ಸಿ ಮುಗಿಯುವಷ್ಟರಲ್ಲಿ ನಾನು ಆರು ಶಾಲೆಗಳ ಗಂಟೆ ಕೇಳಿದ್ದೆ. ತರೀಕೆರೆಯಲ್ಲಿ ಬಿಟ್ಟುಬಂದ ಗೆಳೆಯನಿಗೆ ಒಂದು ವರ್ಷ ಕಾಗದ ಬರೆದೆ, ಆಮೇಲೆ ನಿಂತುಹೋಯಿತು. ಆದರೆ ಆ ದುಃಖಕ್ಕೆ ಒಂದು ಅನುಕೂಲವಿತ್ತು: ವರ್ಗದ ಆರ್ಡರು ಬಂತೆಂದು ಮನೆಮಂದಿಯೆಲ್ಲ ಸೇರಿ ಸರಕಾರವನ್ನು ಶಪಿಸಬಹುದಾಗಿತ್ತು. ಅಪ್ಪನೂ ನನ್ನ ಪಕ್ಷದಲ್ಲೇ ಇದ್ದರು. ಬೇಸಗೆ ರಜೆ ಬಂತೆಂದರೆ ಅಜ್ಜಿಯ ಮನೆ ಇದ್ದಲ್ಲೇ ಇರುತ್ತಿತ್ತು. ಬಾಗಿಲ ಚೌಕಟ್ಟಿನ ಮೇಲೆ ಅಜ್ಜಿ ನನ್ನ ಎತ್ತರವನ್ನು ವರ್ಷಕ್ಕೊಮ್ಮೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದಳು. ಈ ಹುಡುಗಿಗೆ ಆರ್ಡರು ಹೊರಡಿಸುವವರು ತಾಯಿತಂದೆಯೇ. ಅವಳು ಶಪಿಸುವುದಾದರೂ ಯಾರನ್ನು?

ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದು ತರಗತಿಯಲ್ಲಿ ನಾನು ಪಾಠ ಹೇಳುವವನು. ಜಂಗಮ ಹೆಚ್ಚೆಂಬುದು ನಿಜ; ಆದರೆ ಅವನು ಮನೆಯನ್ನು ತಾನಾಗಿ ಬಿಟ್ಟವನು. ಕಂಕುಳಲ್ಲಿ ಹೋಗುವ ಮಗು ಏನನ್ನೂ ಬಿಟ್ಟದ್ದಲ್ಲ, ಅದರಿಂದ ಬಿಡಿಸಿದ್ದು. ಇದಕ್ಕೆ ನೀವು ಉತ್ತರ ಕರ್ನಾಟಕದ ಕುರಿಗಾರರನ್ನು ತೋರಿಸಬಹುದು. ಅವರ ಮಕ್ಕಳೂ ಕುದುರೆಯ ಬೆನ್ನ ಮೇಲೆ, ಹಿಂಡಿನ ಹಿಂದೆ, ತಿಂಗಳುಗಟ್ಟಲೆ ಹೊಲದಿಂದ ಹೊಲಕ್ಕೆ ಸಾಗುತ್ತವೆ. ಆದರೆ ಅಲ್ಲಿ ನಾಲ್ಕಾರು ಸಂಸಾರ ಒಟ್ಟಿಗೆ ನಡೆಯುತ್ತವೆ. ಗದರಿಸುವ ಚಿಕ್ಕಪ್ಪ, ಜಗಳವಾಡುವ ಓರಗೆಯವ, ಕಾಯುವ ನಾಯಿ, ಎಲ್ಲ ಜೊತೆಗೇ ಇರುತ್ತಾರೆ. ಮಳೆಗಾಲಕ್ಕೆ ಮರಳುವ ಊರೂ ಉಂಟು. ಅಲ್ಲಿ ಬದಲಾಗುವುದು ನೆಲ, ಜನವಲ್ಲ. ನಮ್ಮ ಹುಡುಗಿಯ ಕಥೆ ಇದರ ತಿರುವುಮುರುವು. ನೆಲದ ಜೊತೆಗೆ ಜನವೂ ಬದಲಾಗುತ್ತದೆ.

1950ರ ದಶಕದಲ್ಲಿ ರೂತ್ ಯೂಸೀಮ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ ಗಂಡನೊಡನೆ ನಮ್ಮ ದೇಶಕ್ಕೇ ಬಂದು, ಇಲ್ಲಿ ಕೆಲಸಕ್ಕಿದ್ದ ಅಮೆರಿಕನ್ ಸಂಸಾರಗಳನ್ನು ಅಭ್ಯಾಸ ಮಾಡಿದರು. ತವರಿನದೂ ಅಲ್ಲದ, ಇರುವ ನಾಡಿನದೂ ಅಲ್ಲದ ಅವರ ಮಕ್ಕಳನ್ನು ‘ಮೂರನೆಯ ಸಂಸ್ಕೃತಿಯ ಮಕ್ಕಳು’ ಎಂದು ಕರೆದರು. ಆ ಸಂಸಾರಗಳ ಹಿಂದೆಯಾದರೂ ಒಂದು ಮಿಷನ್ನೋ ರಾಯಭಾರ ಕಚೇರಿಯೋ ಇರುತ್ತಿತ್ತು. ಇಂದಿನವರ ಹಿಂದೆ ವೈಫೈ ಇದೆ.

‘ಮಗಳನ್ನು ಕೇಳಿದಿರಾ?’ ಎಂದೆ ತಾಯಿಯನ್ನು. ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಅಭಿಪ್ರಾಯಕ್ಕೂ ಬೆಲೆ ಕೊಡಬೇಕೆಂದು ವಿಶ್ವಸಂಸ್ಥೆಯ 1989ರ ಒಡಂಬಡಿಕೆ ಹೇಳುತ್ತದೆ; 1992ರಲ್ಲಿ ಭಾರತವೂ ಅದಕ್ಕೆ ಸೇರಿತು. ‘ಕೇಳಿದೆವು ಸಾರ್, ಹೂಂ ಅಂದಳು’ ಎಂದಳು ತಾಯಿ. ಮಕ್ಕಳ ‘ಹೂಂ’ ಎಂಬುದು ಅನೇಕ ವೇಳೆ ದೊಡ್ಡವರ ಮುಖ ನೋಡಿ ಬರುವ ಮಾತು. ಹಾಗೆಂದು ಹೇಳಹೊರಟವನು ತಡೆದುಕೊಂಡೆ. ಈ ಮೂರನೆಯ ಮಹಡಿಯಲ್ಲಿ ಬೆಳೆಯಲು ನಿನಗೆ ಇಷ್ಟವೇ ಎಂದು ನನ್ನ ಮಗನನ್ನು ನಾನು ಎಂದಾದರೂ ಕೇಳಿದ್ದುಂಟೆ? ಒಂದೇ ಕಡೆ ಬೇರೂರಿದ ತಂದೆಯೂ ಕೇಳದೆಯೇ ಬೇರೂರಿರುತ್ತಾನೆ. ಅವರು ಅಲೆಯಬಾರದೆನ್ನಲು ನನಗೆ ಅಧಿಕಾರವಿಲ್ಲ. ಮಗು ಅಳುವುದನ್ನು ನಿಲ್ಲಿಸಿತೆಂದು ಮಾತ್ರ ಹಿಗ್ಗಬೇಡಿ ಎಂದೆ. ಪ್ರತಿ ಸಲವೂ ಹೊಸ ಊರೇ ಏಕೆ, ಹೋದ ಊರಿಗೇ ಮತ್ತೊಮ್ಮೆ ಹೋಗಬಾರದೇ ಎಂದೂ ಕೇಳಿದೆ. ಆಕೆ ಉತ್ತರಿಸಲಿಲ್ಲ, ಮಗಳ ಕಡೆ ಒಮ್ಮೆ ನೋಡಿದಳು.

ಹೊರಡುವಾಗ ಹುಡುಗಿ ಚಪ್ಪಲಿ ಮೆಟ್ಟುತ್ತ, ‘ಮುಂದಿನ ಸಲವೂ ನೀವು ಇದೇ ಮನೇಲಿ ಇರ್ತೀರಾ?’ ಎಂದು ಕೇಳಿದಳು. ಇರುತ್ತೇನೆ ಎಂದೆ. ಬಾಡಿಗೆಯ ಮನೆಯೆಂದು ಹೇಳಲು ಬಾಯಿ ಬರಲಿಲ್ಲ.