ಸುಮ್ಮನೆ ಅಡ್ಡಾಡುವ ಹಕ್ಕು

ನಮ್ಮ ಕಡೆ ದಾರಿಯಲ್ಲಿ ಎದುರಾದವರು ಮೊದಲು ಕೇಳುವ ಮಾತು ‘ಎಲ್ಲಿಗಿ ಹೊಂಟೀ?’ ಅಂತ. ಅದು ಪ್ರೀತಿಯ ಮಾತು. ಉತ್ತರ ಬೇಕೆಂದು ಯಾರೂ ಕೇಳುವುದಿಲ್ಲ. ‘ಇಲ್ಲೇ, ಸುಮ್ನ’ ಅಂದರೆ ಸಾಕು. ಆದರೆ ಕೇರಿಯವನೊಬ್ಬ ಊರೊಳಗಿನ ಓಣಿಗೆ ಕಾಲಿಟ್ಟಾಗ ಇದೇ ಮಾತಿನ ದನಿ ಬೇರೆಯಾಗುತ್ತದೆ. ಅಲ್ಲಿ ‘ಸುಮ್ನ’ ಎಂಬ ಉತ್ತರ ನಡೆಯುವುದಿಲ್ಲ. ಕೂಲಿಗೆ ಬಂದೆ, ಸತ್ತ ಸುದ್ದಿ ತಂದೆ, ಸಾಹುಕಾರರು ಕರೆದಿದ್ದಾರೆ, ಹೀಗೆ ಏನಾದರೊಂದು ಕೆಲಸ ಹೇಳಬೇಕು. ಕೆಲಸ ಇದ್ದರೆ ದಾರಿ ಇದೆ. ಕೆಲಸ ಇಲ್ಲದವನಿಗೆ ‘ಇಲ್ಲೇನೈತಿ ನಿಂದು?’ ಎಂಬ ಇನ್ನೊಂದು ಪ್ರಶ್ನೆ ಕಾದಿರುತ್ತದೆ.

ಈ ‘ಸುಮ್ಮನೆ’ ಎಂಬ ಶಬ್ದದ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ಯಾವ ಲಾಭವೂ ಇಲ್ಲದೆ ನಡೆಯುವುದು, ಓದುವುದು, ಹಾಡು ಕೇಳುವುದು ಹೊಟ್ಟೆ ತುಂಬಿದವರ ಚಟವೇ? ಅಥವಾ ಮನುಷ್ಯ ಮನುಷ್ಯನಾಗಿರಲು ಅನ್ನದಷ್ಟೇ ಬೇಕಾದದ್ದೇ? ಹೋರಾಟದ ಗೆಳೆಯರು ಹಲವರು ಹೇಳುತ್ತಾರೆ: ‘ಮೊದ್ಲು ಭೂಮಿ, ಕೂಲಿ, ನೀರು. ನಿನ್ನ ಅಡ್ಡಾಡೂದು ಆಮ್ಯಾಲೆ.’ ಅವರ ಮಾತಿಗೆ ತೂಕವಿದೆ. ಆದರೂ ನಾನು ಒಪ್ಪಲಾರೆ.

ನಮ್ಮವರು ನಡೆಯದವರಲ್ಲ. ನಮ್ಮಷ್ಟು ನಡೆದವರು ಈ ನಾಡಿನಲ್ಲಿ ಕಡಿಮೆ. ಅಮೆರಿಕದ ಥೋರೋ ನಡಿಗೆಯ ಮೇಲೆ ಬರೆದ ಪ್ರಬಂಧ 1862ರಲ್ಲಿ, ಅವನು ಸತ್ತ ಮೇಲೆ, ಅಚ್ಚಾಯಿತು. ದಿನಕ್ಕೆ ಕಡಿಮೆಯೆಂದರೂ ನಾಲ್ಕು ತಾಸು ಕಾಡು ಗುಡ್ಡ ಅಲೆಯದಿದ್ದರೆ ತನ್ನ ದೇಹ, ಮನಸ್ಸು ನೆಟ್ಟಗಿರುವುದಿಲ್ಲ ಎನ್ನುತ್ತಾನೆ. ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತೆರಿಗೆ ಕೊಡೆನೆಂದು ಒಂದು ರಾತ್ರಿ ಜೈಲಿನಲ್ಲಿದ್ದ ಮನುಷ್ಯ ಅವನು. ಅವನನ್ನು ಹಗುರವಾಗಿ ಕಾಣಲಾರೆ. ಆದರೆ ಆ ನಾಲ್ಕು ತಾಸಿನ ಲೆಕ್ಕ ಓದಿದಾಗ ನನಗೆ ನೆನಪಾದದ್ದು ನಮ್ಮವ್ವನ ಕಾಲು. ಹೊಲಕ್ಕೆ, ಕಟ್ಟಿಗೆಗೆ, ನೀರಿಗೆ ಅಂತ ಅವಳೂ ದಿನಕ್ಕೆ ಅಷ್ಟು ನಡೆದವಳೇ. ಅವಳ ನಡಿಗೆಯನ್ನು ಯಾರೂ ವಿಹಾರ ಅನ್ನಲಿಲ್ಲ. ತಲೆಯ ಮೇಲೆ ಹೊರೆ ಹೊತ್ತವಳು ಮುಖ ಎತ್ತಿ ಮೋಡ ನೋಡುವುದಾದರೂ ಹೇಗೆ?

ದಾರಿ ಎಂದಿಗೂ ಬರೀ ಮಣ್ಣಾಗಿರಲಿಲ್ಲ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ತಮ್ಮ ಹೆಜ್ಜೆ ಅಳಿಸಲು ಸೊಂಟಕ್ಕೆ ಪೊರಕೆ, ಉಗುಳಲು ಕೊರಳಿಗೆ ಗಡಿಗೆ ಕಟ್ಟಿಕೊಳ್ಳಬೇಕಿತ್ತೆಂದು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಬರೆದಿದ್ದಾರೆ. 1924ರಲ್ಲಿ ಕೇರಳದ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ಗುಡಿಯೊಳಗೆ ಹೋಗಲಿಕ್ಕಲ್ಲ, ಗುಡಿಯ ಸುತ್ತಲಿನ ರಸ್ತೆಯಲ್ಲಿ ನಡೆಯಲಿಕ್ಕೆ. ಊರ ನಡುವೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ತಲೆಮಾರು ನಮ್ಮ ಬೆನ್ನ ಹಿಂದೆಯೇ ಇದೆ.

ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ಓದಿದವರಿಗೆ ಗೊತ್ತು. 1901ರಲ್ಲಿ ಬೇಸಿಗೆ ರಜೆ ಕಳೆಯಲು ಅಪ್ಪನಿದ್ದ ಗೋರೆಗಾಂವಿಗೆ ಹೊರಟ ಮಕ್ಕಳು ಹೊಸ ಅಂಗಿ, ಹೊಸ ಟೋಪಿ ಹಾಕಿಕೊಂಡಿದ್ದರು. ಮಸೂರು ಸ್ಟೇಷನ್ನಿನಲ್ಲಿ ಜಾತಿ ತಿಳಿದದ್ದೇ ಗಾಡಿಯವರು ಹಿಂದೆ ಸರಿದರು. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನೂ ಮಕ್ಕಳೇ ಹೊಡೆದುಕೊಂಡು, ನೀರಿಲ್ಲದೆ ರಾತ್ರಿ ಕಳೆಯಬೇಕಾಯಿತು. ಗಮನಿಸಿರಿ, ಅದು ರಜೆಯ ಪ್ರಯಾಣ. ಆ ಮಕ್ಕಳು ಖುಷಿಗಾಗಿ ಹೊರಟಿದ್ದರು. ಜಾತಿ ಅವರ ನೀರನ್ನಷ್ಟೇ ಅಲ್ಲ, ರಜೆಯನ್ನೂ ಕಸಿಯಿತು.

ಅದಾಗಿ 120 ವರ್ಷಕ್ಕೆ, 2021ರ ಸೆಪ್ಟೆಂಬರಿನಲ್ಲಿ, ನಮ್ಮದೇ ಜಿಲ್ಲೆಯ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ಕೂಸೊಂದು ಹನುಮಪ್ಪನ ಗುಡಿಯೊಳಗೆ ಓಡಿತು. ತಂದೆ ಹೊರಗೇ ನಿಂತು ಕೈಮುಗಿಯುತ್ತಿದ್ದ. ಗುಡಿಯ ಶುದ್ಧಿಗೆಂದು 25,000 ರೂಪಾಯಿ ಕೇಳಿದರು. ಸುದ್ದಿ ಹೊರಬಿದ್ದ ಮೇಲೆ ಪೊಲೀಸರು ಕೆಲವರನ್ನು ಬಂಧಿಸಿದರು. ಆ ಕೂಸು ಗುಡಿ ಪ್ರವೇಶ ಚಳವಳಿ ಮಾಡಲು ಹೋಗಿರಲಿಲ್ಲ. ಕೂಸುಗಳು ಓಡುವ ಹಾಗೆ ಓಡಿತ್ತು, ಸುಮ್ಮನೆ. ನಮ್ಮಲ್ಲಿ ಕೂಸಿನ ‘ಸುಮ್ಮನೆ’ಗೂ ದಂಡವಿದೆ.

ಗಂಗಾವತಿ ತಾಲೂಕಿನ ಮರಕುಂಬಿಯ ಮಾತೂ ಇದೇ. ಅಲ್ಲಿ ದಲಿತರಿಗೆ ಕ್ಷೌರದಂಗಡಿ, ಚಹಾದ ಹೋಟೆಲಿನ ಬಾಗಿಲು ತೆರೆದಿರಲಿಲ್ಲ. 2014ರ ಆಗಸ್ಟ್ 28ರಂದು, ಗಂಗಾವತಿಯ ಸಿನಿಮಾ ಟಾಕೀಸಿನ ಜಗಳದ ನೆಪದಲ್ಲಿ, ಕೇರಿಯ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಕ್ಷೌರ, ಒಂದು ಕಪ್ ಚಹಾ, ಒಂದು ಸಿನಿಮಾ. ದಿನನಿತ್ಯದ ಸಣ್ಣ ಸುಖಗಳು. ಇವು ‘ಆಮ್ಯಾಲೆ’ ಬರುವ ಸಂಗತಿಗಳಾಗಿದ್ದರೆ ಇವುಗಳ ಸುತ್ತ ಇಷ್ಟು ಬೆಂಕಿ ಯಾಕೆ? ಸವರ್ಣೀಯರಿಗೆ ಇವುಗಳ ಬೆಲೆ ಚೆನ್ನಾಗಿ ಗೊತ್ತು. ಹೊಲದಲ್ಲಿ ದುಡಿಯುವ ದಲಿತನನ್ನು ಅವರು ಸಹಿಸುತ್ತಾರೆ. ಪಕ್ಕದ ಬೆಂಚಿನಲ್ಲಿ ಕೂತು ಚಹಾ ಕುಡಿಯುವ ದಲಿತನನ್ನು ಸಹಿಸುವುದಿಲ್ಲ.

ಜಾತಿಯೆಂದರೆ ಶ್ರಮದ ವಿಭಜನೆ ಮಾತ್ರವಲ್ಲ, ಶ್ರಮಿಕರ ವಿಭಜನೆ ಎಂದರು ಅಂಬೇಡ್ಕರ್. ಅದಕ್ಕೆ ಇನ್ನೊಂದು ಮಾತು ಸೇರಿಸಬಹುದು. ಅದು ಬಿಡುವಿನ ವಿಭಜನೆಯೂ ಹೌದು. ಕೆಲವರಿಗೆ ಹುಟ್ಟಿನಿಂದ ಬಿಡುವು, ಕೆಲವರಿಗೆ ಹುಟ್ಟಿನಿಂದ ಉಪಯೋಗ.

ಕಿನ್ನಾಳದ ಹೆಸರು ನಾಡಿಗೆ ತಿಳಿದಿರುವುದು ಚಿತ್ರಗಾರರ ಗೊಂಬೆಗಳಿಂದ. ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟಿನ ಲೇಪ ಕೊಟ್ಟು, ಬಣ್ಣ ಹಚ್ಚುತ್ತಾರೆ. ಮಾಡುವವರಿಗೆ ಅದು ಹೊಟ್ಟೆಪಾಡು, ಸುಲಭದ್ದಲ್ಲ. ಆದರೆ ಗೊಂಬೆಯಿಂದ ಏನು ಉಪಯೋಗ ಎಂದು ಯಾರೂ ಕೇಳುವುದಿಲ್ಲ. ನೋಡಿ ಕಣ್ಣು ತುಂಬುವುದೇ ಅದರ ಉಪಯೋಗ. ಹಗ್ಗ ಹೊಸೆದ, ಚಪ್ಪಲಿ ಹೊಲಿದ, ಬಾರುಕೋಲು ಹೆಣೆದ ಕೈಗಳಲ್ಲಿಯೂ ಅಷ್ಟೇ ನಾಜೂಕಿತ್ತು. ಅದಕ್ಕೆ ಕಲೆ ಎಂಬ ಹೆಸರು ಬರಲಿಲ್ಲ. ಉಪಯೋಗಕ್ಕೆ ಬರುವುದೇ ನಮ್ಮ ಕುಲವಾಯಿತು.

ಹಲಗೆಯ ಕತೆಯೂ ಹಾಗೇ. ಸತ್ತರೆ ಹಲಗೆ, ಜಾತ್ರೆಗೆ ಹಲಗೆ, ಡಂಗುರಕ್ಕೆ ಹಲಗೆ. ಬಾರಿಸುವ ಕೈ ನಮ್ಮದು, ‘ಬಾರ್ಸಲೇ’ ಅನ್ನುವ ಬಾಯಿ ಊರಿನದು. 1970ರ ದಶಕದಲ್ಲಿ ದಲಿತ ಚಳವಳಿ ಬೆಳೆದಂತೆ ಹಲವು ಕೇರಿಗಳು ಇನ್ನು ಬಿಟ್ಟಿ ಹಲಗೆ ಬಾರಿಸುವುದಿಲ್ಲ ಎಂದವು. ಅದು ಸರಿ. ಆಮೇಲೆ ಅದೇ ಹಲಗೆ ಮೆರವಣಿಗೆಯ ಮುಂದೆ ಬಂತು, ಹೋರಾಟದ ಹಾಡಿಗೆ ತಾಳವಾಯಿತು. ಅದೂ ಸರಿ. ಆದರೆ ಮೂರನೆಯ ಹಲಗೆಯೊಂದಿದೆ. ಏಪ್ರಿಲ್ 14ರ ಮೆರವಣಿಗೆ ಮುಗಿದು ಎಲ್ಲರೂ ಮನೆ ಸೇರಿದ ಮೇಲೆ ಮುದುಕನೊಬ್ಬ ಹಲಗೆಯನ್ನು ಬೆಂಕಿಗೆ ಕಾಯಿಸಿ, ಯಾರ ಸಲುವಾಗಿಯೂ ಅಲ್ಲದೆ, ಬೆರಳು ಆಡಿಸುತ್ತ ಕೂಡುತ್ತಾನೆ. ಹೆಣವಿಲ್ಲ, ದೇವರಿಲ್ಲ, ಘೋಷಣೆಯೂ ಇಲ್ಲ. ತನ್ನ ಕಿವಿಗಾಗಿ ತಾನು ಬಾರಿಸುವ ಆ ಹೊತ್ತಿನಲ್ಲಿ ಅವನು ಯಾರ ಆಳೂ ಅಲ್ಲ.

ಓದಿನ ವಿಷಯದಲ್ಲೂ ನಮಗೆ ಈ ಬಿಡುವು ಸಿಕ್ಕಿಲ್ಲ. ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ಓದುವ ಪ್ರತಿ ಪುಟಕ್ಕೂ ‘ಇದ್ರಿಂದ ನೌಕರಿ ಬರ್ತೈತೇನು?’ ಎಂಬ ಪ್ರಶ್ನೆ ಕಟ್ಟಿರುತ್ತದೆ. ಪರೀಕ್ಷೆಗೆ ಬೇಡದ ಪುಸ್ತಕ ಹಿಡಿದು ಕೂತರೆ ಕಳ್ಳತನ ಮಾಡಿದ ಹಾಗೆ. ಅಪ್ಪ ಅವ್ವ ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಹಸಿವು ಹಾಗೆ ಕೇಳಿಸುತ್ತದೆ. ಆದರೆ ಕೊಪ್ಪಳದ ಪಾಲ್ಕಿಗುಂಡಿನ ಗುಡ್ಡ ಹತ್ತಿ ಅಶೋಕನ ಶಾಸನದ ಮುಂದೆ ನಿಂತಾಗ ನನಗೆ ಧೈರ್ಯ ಬರುತ್ತದೆ. ಧಮ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ದಕ್ಕುತ್ತದೆ ಎಂಬುದು ಅಶೋಕನ ಈ ಬಗೆಯ ಲಘು ಶಾಸನಗಳ ಸಾರ. ಅದನ್ನು ಓದಿದ್ದರಿಂದ ನನಗೆ ನೌಕರಿ ಬರಲಿಲ್ಲ. ಆದರೆ ಬುದ್ಧನ ಮಾತು ನಾಗಪುರದಿಂದ ಬಂದದ್ದು ಮಾತ್ರವಲ್ಲ, ನಮ್ಮ ಬಂಡೆಯ ಮೇಲೂ ಎರಡು ಸಾವಿರ ವರ್ಷ ಮಲಗಿತ್ತು ಎಂದು ತಿಳಿಯಿತು.

ಇನ್ನು ‘ಆಮ್ಯಾಲೆ’ ಎನ್ನುವ ಗೆಳೆಯರಿಗೆ. 1886ರ ಮೇ ತಿಂಗಳಲ್ಲಿ ಚಿಕಾಗೋದ ಕಾರ್ಮಿಕರು ಪ್ರಾಣ ಕೊಟ್ಟದ್ದು ಎಂಟು ತಾಸಿನ ದುಡಿಮೆಗಾಗಿ. ದುಡಿಮೆಗೆ ಎಂಟು, ನಿದ್ದೆಗೆ ಎಂಟು ಹೋಗಿ ಉಳಿದ ಎಂಟು ತಾಸಿಗೆ ಅವರು ಯಾರಿಗೂ ಕಾರಣ ಹೇಳಲಿಲ್ಲ. ಅದು ತಮ್ಮದು, ಅಷ್ಟೆ. ಅಂಬೇಡ್ಕರ್ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ತಂದ 1946ರ ತಿದ್ದುಪಡಿ ಕಾರ್ಖಾನೆಯ ವಾರದ ದುಡಿಮೆಯನ್ನು 54 ತಾಸಿನಿಂದ 48ಕ್ಕೆ ಇಳಿಸಿತು. ಬಿಡುವು ಹೋರಾಟದ ಆಚೆಗಿನ ವಸ್ತುವಲ್ಲ, ಹೋರಾಟದ ಒಳಗೇ ಇತ್ತು. ಬರೀ ಹೊಟ್ಟೆಯ ಲೆಕ್ಕದಲ್ಲಿ ಹಕ್ಕು ಕೇಳಿದರೆ ನಾವು ಹೊಟ್ಟೆ ಮತ್ತು ಕೈ ಮಾತ್ರ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಶೋಷಕನ ಮಾತೂ ಅದೇ ಅಲ್ಲವೇ?

ಈ ಪ್ರಶ್ನೆಯನ್ನು ಊರಿನವರಿಗಷ್ಟೇ ಕೇಳಿದರೆ ಸಾಲದು. ಸಂಜೆ ನಮ್ಮ ಕೇರಿಯ ಕಟ್ಟೆಯ ಮೇಲೆ ಕೂಡುವವರು ಯಾರು? ಗಂಡಸರು. ಹುಡುಗಿಯೊಬ್ಬಳು ಕೊಡ ಇಲ್ಲದೆ, ಬುಟ್ಟಿ ಇಲ್ಲದೆ, ಬರಿಗೈಯಲ್ಲಿ ಹೊರಟರೆ ‘ಎಲ್ಲಿಗಿ ಹೊಂಟೀಯಬೇ?’ ಎಂದು ಗೌಡನ ದನಿಯಲ್ಲೇ ಕೇಳುವವರು ನಮ್ಮವರೇ. ಭಾಷಣದಲ್ಲಿ ಸಮಾನತೆ, ಮನೆಯಲ್ಲಿ ಕಾವಲು. ನಮ್ಮ ಅಕ್ಕತಂಗಿಯರಿಗೆ ಹಿರೇಹಳ್ಳದ ಡ್ಯಾಮಿನ ತನಕ ಬೆಳಗಿನ ಗಾಳಿಯಲ್ಲಿ ಹೋಗಿಬರುವ ದಾರಿ ತೆರೆಯದಿದ್ದರೆ ನಮ್ಮ ಬಿಡುಗಡೆ ಅರ್ಧ.

ಹಾಗಂತ ಕಣ್ಣುಮುಚ್ಚಿ ಅಡ್ಡಾಡಬೇಕೆಂದಲ್ಲ. ಡ್ಯಾಮಿನ ಏರಿಯ ಮೇಲೆ ನಿಂತು ನೀರಿನ ಬೆಳಕು ನೋಡುವಾಗ ಆ ನೀರು ಯಾರ ಹೊಲಕ್ಕೆ ಹರಿಯುತ್ತದೆ, ಯಾರಿಗೆ ಹೊಲವೇ ಇಲ್ಲ ಎಂಬುದೂ ಕಾಣಬೇಕು. ಎರಡೂ ಒಂದೇ ಕಣ್ಣಿನ ಕೆಲಸ. ನೀರಿನ ಚೆಲುವು ಕಾಣದವನು ಅದನ್ನು ಯಾರಿಗಾಗಿ ಕೇಳುತ್ತಾನೆ?

ಹಳ್ಳಿಗಳಲ್ಲಿ ಮಾಸ್ತರಾಗಿರುವ ಗೆಳೆಯರೆ, ಒಂದು ಭಾನುವಾರ ಕೇರಿಯ ಮಕ್ಕಳು, ಊರಿನ ಮಕ್ಕಳು ಎಲ್ಲರನ್ನೂ ಕೂಡಿಸಿಕೊಂಡು ನಿಮ್ಮೂರಿನ ಒಂದು ಓಣಿಯನ್ನೂ ಬಿಡದೆ ಸುತ್ತಿ ಬನ್ನಿ. ಪಾಠ ಮಾಡಬೇಡಿರಿ, ಪ್ರಬಂಧ ಬರೆಸಬೇಡಿರಿ. ಯಾವ ಓಣಿಯ ಬಾಯಲ್ಲಿ ಯಾವ ಮಗು ತಾನಾಗಿಯೇ ಹಿಂದೆ ಉಳಿಯಿತು ಎಂಬುದನ್ನು ಮಾತ್ರ ನೋಡಿಕೊಳ್ಳಿರಿ. ಸಂಘದ ಮುಂದಿನ ಕೆಲಸ ಅಲ್ಲಿಂದ ಶುರುವಾಗಲಿ.